ಗಾಮಾ ಕಿರಣಕ್ಕೆ ಕಟ್ಟಿದ ಕಂಬಳಿ

ಯಾವ ವ್ಯವಹಾರಕ್ಕೂ ಮೊದಲು ನನ್ನನ್ನೊಂದು ಮಾತು ಕೇಳಿ ಎಂದು ಭರಮಸಾಗರದವರಿಗೆಲ್ಲ ಹೇಳಿಟ್ಟಿದ್ದೆ. ಕುರಿಯ ಬೆನ್ನ ಮೇಲೆ ಕೈಯಿಟ್ಟು ಮಾಂಸದ ತೂಕ ಹೇಳುವವನು ನಾನು. ಇಂಥವನಿಗೆ ಗಾಮಾ ಕಿರಣ ಯಾವ ಲೆಕ್ಕ!

ಹೆಂಡತಿ ಗಂಗಮ್ಮನ ಗಂಟಲಲ್ಲಿ ಗಡ್ಡೆಯಾಗಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ಕೋಬಾಲ್ಟ್ ಯಂತ್ರದ ಕೆಳಗೆ ಮಲಗಿಸಿದರು. ದಿನಾ ಸ್ವಲ್ಪ ಸ್ವಲ್ಪ ಗಾಮಾ ಕಿರಣ ಬಿಡಬೇಕಂತೆ. ನಾನು ಡಾಕ್ಟರ ಕೈಮೇಲೆ ಟವೆಲ್ ಹಾಕಿ, ಕುರಿಸಂತೆಯ ಪದ್ಧತಿಯಂತೆ ಬೆರಳು ಹಿಡಿದು ಚೌಕಾಸಿಗಿಳಿದೆ.

"ಎಲ್ಲಾ ಒಂದೇ ದಿನ ಹೊಡ್ದು ಮುಗಿಸ್ರಿ ಸ್ವಾಮಿ, ಸಗಟು ಯಾಪಾರ!"

"ಗಡ್ಡೆ ಜೊತೆ ಅಮ್ಮನೂ ಹೋಗ್ತಾರೆ" ಎಂದು ಅವರು ಕೈ ಬಿಡಿಸಿಕೊಂಡರು.

ಯಂತ್ರ ಶುರುವಾಗುವ ಮುನ್ನ ಎಲ್ಲರೂ ಹೊರಗೆ ಬಂದು ದಪ್ಪ ಬಾಗಿಲು ಹಾಕುತ್ತಿದ್ದರು. ಓದಿದವರೇ ಓಡಿದರೆಂದ ಮೇಲೆ ಒಳಗಿದ್ದವಳ ಮೈತುಂಬ ಕಿರಣ ತುಂಬಿರಲೇಬೇಕು! ಬೇರೆಯವರನ್ನು ಕೇಳುವುದೇ? ನನ್ನ ಬೆಲೆ ಏನಾದೀತು!

ಊರಿಗೆ ಬಂದಾಗ ಮಗಳು ಹಸಿ ಬಾಣಂತಿ. ಮೊಮ್ಮಗನನ್ನು ಕಾಲಮೇಲೆ ಮಲಗಿಸಿಕೊಂಡು ನೀರೆರೆಯಬೇಕೆಂಬ ಒಂದೇ ಆಸೆಯಲ್ಲಿ ಗಂಗಮ್ಮ ಆಸ್ಪತ್ರೆಯ ದಿನ ಕಳೆದಿದ್ದಳು. ನಾನು ನಡುಮನೆಗೆ ಅಡ್ಡಲಾಗಿ ಕರಿಕಂಬಳಿ ಕಟ್ಟಿ, ಬಾಣಂತಿ-ಮಗುವನ್ನು ಆಚೆ, ಗಂಗಮ್ಮನನ್ನು ಈಚೆ ಇರಿಸಿದೆ. ಮಳೆ ತಡೆಯುವ ಕಂಬಳಿ ಕಿರಣ ತಡೆಯದೇ?

"ಒಂದ್ಸಲ ಮುಟ್ತೀನಿ ಕಣ್ರಿ."

"ಮಗ ಸುಟ್ಟೋಗ್ತೈತೆ ಕಣೇ!"

ನೀರೆರೆಯಲು ಪಕ್ಕದ ಮನೆಯ ಸಾಕಮ್ಮನನ್ನು ಕರೆದೆ. ಗಂಗಮ್ಮ ಕಂಬಳಿಯ ಅಂಚೆತ್ತಿ ಇಣುಕುತ್ತ ಕೂತಿರುತ್ತಿದ್ದಳು.

ಬಾಣಂತನ ಮುಗಿದು ಮಗಳು ಯಲ್ಲದಕೆರೆಯ ಗಂಡನ ಮನೆ ಸೇರಿದಳು. ನಾವು ತಪಾಸಣೆಗೆ ಹೋದೆವು. ನನ್ನ ಏರ್ಪಾಡನ್ನು ಹೆಮ್ಮೆಯಿಂದ ವಿವರಿಸಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ನಿಮ್ಮ ಕುರಿ ಹಗಲೆಲ್ಲಾ ಬಿಸಿಲಲ್ಲಿ ಮೇಯುತ್ತಲ್ಲ, ರಾತ್ರಿ ಹಟ್ಟಿಯಲ್ಲಿ ಬೆಳಕು ಕೊಡುತ್ತೇನ್ರಿ? ಗಾಮಾನೂ ಬೆಳಕಿನ ಜಾತೀದೇ. ಯಂತ್ರ ಮುಚ್ಚಿದ್ರೆ ಮುಗೀತು, ಮೈಯಲ್ಲಿ ಉಳಿಯಲ್ಲ. ದಿನವಿಡೀ ಅದನ್ನ ನಡೆಸೋರು ನಾವು, ಪ್ರತಿ ಸಲ ನಮ್ಮ ಮೇಲೂ ಬೀಳದಿರಲಿ ಅಂತ ಹೊರಗೆ ಹೋಗ್ತೀವಿ, ಅಷ್ಟೇ. ಇನ್ನು ಅದನ್ನ ತಡೆಯೋಕೆ ಕಂಬಳಿ ಅಲ್ಲ, ದಪ್ಪ ಸೀಸ ಬೇಕು."

"ಸೀಸ ಯಾಕ್ರಿ ಸ್ವಾಮಿ? ನಮ್ಮನೇರ ತಲೆ ಇಟ್ಟಿದ್ರೆ ಸಾಕಿತ್ತು" ಅಂದಳು ಗಂಗಮ್ಮ. ನಗಲಿಲ್ಲ.

ಅಲ್ಲಿಂದ ಸೀದಾ ಯಲ್ಲದಕೆರೆ. ಅವಳು ಕೈ ಚಾಚಿದೊಡನೆ ಮಗು ಕಿಟಾರನೆ ಕಿರುಚಿತು! ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ ನನ್ನ ಹೆಗಲ ಕಂಬಳಿ ಎಳೆದು, ಮುಖಕ್ಕೆ ಅಡ್ಡ ಹಿಡಿದು, ಅಂಚೆತ್ತಿ ಇಣುಕಿದಳು. ಅಷ್ಟೇ, ಮೊಮ್ಮಗ ಕಿಲಕಿಲನೆ ನಕ್ಕು ಅವಳತ್ತ ವಾಲಿದ.

ಮಾರನೆಯ ದಿನ ನೀರೆರೆಯಲು ಕಾಲುಚಾಚಿ ಕೂತಳು. ಅವನು ಮಲಗಲೊಲ್ಲ. ಆಗಲೇ ಎದ್ದು ಕೂರುವಷ್ಟು ಬೆಳೆದಿದ್ದ.

ಈಗ ಯಾರಾದರೂ ಸಲಹೆಗೆ ಬಂದರೆ ಕುರಿಯ ವಿಷಯ ಮಾತ್ರ ಹೇಳುತ್ತೇನೆ. ಅದನ್ನೂ ಗಂಗಮ್ಮನನ್ನು ಕೇಳಿಕೊಂಡೇ!