ಖಂಡೇನವಮಿಯ ದಿನ ಒಂದು ಚಿಟಿಕೆ ಧೂಳು

ಈ ದಸರೆಗೆ ಪುಣೆಯನ್ನು ಗೆದ್ದೇ ತೀರುವುದೆಂದು ನಾನು ನಿಶ್ಚಯಿಸಿಬಿಟ್ಟಿದ್ದೆ. ಇಡೀ ಪುಣೆಯನ್ನಲ್ಲ, ಖರಾಡಿಯಲ್ಲಿರುವ ಒಂದು ಕ್ಲಬ್ಬಿನ ಮೇಲಂತಸ್ತಿನ ಸಭಾಂಗಣವನ್ನು. ಆದರೆ ದಿಗ್ವಿಜಯಕ್ಕೆ ಹೊರಡುವವನು ಸಭಾಂಗಣದ ಅಳತೆ ಹೇಳುತ್ತ ಕೂರುವುದಿಲ್ಲ. ನನ್ನ ಬಳಿ ಒಂದು ಟ್ಯಾಂಕು ದಳವಿತ್ತು, ಅದರ ಹಿಂದೆ ಕಾಲಾಳುಗಳ ಪಡೆಯಿತ್ತು. ಅಷ್ಟೂ ಸೈನ್ಯ ಒಂದು ಪೇಢೆ ಡಬ್ಬಿಯೊಳಗೆ ಹಿಡಿಸುತ್ತಿತ್ತು ಎಂಬುದು ಬೇರೆ ಮಾತು.

ಅರ್ಥವಾಗಲಿಲ್ಲವೇ? ಮೇಜಿನ ಮೇಲೆ ಆಡುವ ಯುದ್ಧದಾಟವೊಂದಿದೆ. ಬೆಂಕಿಪೆಟ್ಟಿಗೆಯಷ್ಟು ಟ್ಯಾಂಕು, ಶೇಂಗಾಬೀಜದಷ್ಟು ಸೈನಿಕ. ದಾಳ ಉರುಳಿಸಬೇಕು, ಟೇಪು ಹಿಡಿದು ದೂರ ಅಳೆಯಬೇಕು, ಶತ್ರುವನ್ನು ಹೊಡೆಯಬೇಕು. ಅಂಗಡಿಯಿಂದ ಬರುವಾಗ ಇವೆಲ್ಲ ಬೂದು ಪ್ಲಾಸ್ಟಿಕ್ಕಿನ ಚೂರುಗಳು. ಅಂಟಿಸಿ ಬಣ್ಣ ಹಚ್ಚುವುದು ನಮ್ಮ ಪಾಲಿನ ಕೆಲಸ. ಆಟದಲ್ಲಿ ನಾನು ಇಂದಿಗೂ ಗೆದ್ದವನಲ್ಲ. ನನ್ನ ಸೈನಿಕರು ದಾಳ ಕಂಡರೆ ಸಾಯುತ್ತಾರೆ. ಆದರೆ ಬಣ್ಣ ಹಚ್ಚುವುದರಲ್ಲಿ ನನ್ನ ಮುಂದೆ ನಿಲ್ಲುವವರು ಯಾರು? ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವ ಬೆಂಗಳೂರಿನ ಪೃಥ್ವಿರಾಜ್ ಒಬ್ಬ ನಿಲ್ಲುತ್ತಿದ್ದ. ಖಂಡೇನವಮಿಯ, ಅಂದರೆ ಆಯುಧಪೂಜೆಯ, ಸಂಜೆ ಕ್ಲಬ್ಬಿನಲ್ಲಿ ಬಣ್ಣದ ಸ್ಪರ್ಧೆ ಇತ್ತು. ಅವನನ್ನು ಅಲ್ಲಿ ಕೂರಿಸಿಬಿಡಬೇಕೆಂಬುದೇ ನನ್ನ ಪಣ.

ಬಣ್ಣ ಹಚ್ಚುವುದು ಈ ವಿದ್ಯೆಯ ಅರ್ಧ ಮಾತ್ರ. ಹಚ್ಚಿದ ಬಣ್ಣವನ್ನು ಹಾಳು ಮಾಡುವುದು ಉಳಿದರ್ಧ. ರಣರಂಗದಲ್ಲಿರುವ ಟ್ಯಾಂಕು ಹೊಳೆಯಬಾರದು ನೋಡಿ. ಹರಿದ ಸ್ಪಂಜಿನಿಂದ ಮುಟ್ಟಿ ಮುಟ್ಟಿ ಅದಕ್ಕೆ ತುಕ್ಕು ಹಿಡಿಸಬೇಕು. ನಳಿಗೆಯ ತುದಿಗೆ ಮಸಿ, ಚೈನಿಗೆ ಕೆಸರು, ಮೈತುಂಬ ಧೂಳು. ಇದಕ್ಕೆಂದೇ ಪುಡಿಗಳು ಸಿಗುತ್ತವೆ. ಹೊಸ ತುಕ್ಕು ಒಂದು ಡಬ್ಬಿ, ಹಳೇ ತುಕ್ಕು ಒಂದು ಡಬ್ಬಿ, ಒಣಗಿದ ಕೆಸರು ಇನ್ನೊಂದು. ನಾನು ಅವನ್ನು ಕೇಸರಿಯಂತೆ ಕಾಪಾಡಿಕೊಂಡು ಬಂದಿದ್ದೆ.

"ನಾ ದಿನಾ ಬೆಳಗಾದ್ರ ಧೂಳ ಝಾಡಸ್ತೀನಿ, ನೀವು ಪಾರ್ಸೆಲ್‌ನ್ಯಾಗ ಧೂಳ ತರಿಸ್ತೀರಿ" ಎನ್ನುತ್ತಿದ್ದಳು ನನ್ನ ಹೆಂಡತಿ ನೀತಾ.

"ಇದು ಕಲಾ ಅದ, ನಿನಗ ತಿಳಿಯೂದಿಲ್ಲ."

"ಕಲಾ ಇರ್ಲಿ. ಊಟದ ಟೇಬಲ್ ಯಾವಾಗ ಬಿಡ್ತೀರಿ, ಅದನ್ನ ಹೇಳ್ರಿ."

ಎಲ್ಲ ಮಹಾಯುದ್ಧಗಳಂತೆ ನಮ್ಮದರ ಮೂಲವೂ ನೆಲದ ಜಗಳವೇ. ನನ್ನ ಅತ್ತೆಯವರು ಗೃಹಪ್ರವೇಶಕ್ಕೆ ಕೊಡಿಸಿದ ಸಾಗವಾನಿಯ ಮೇಜು ಬೇಸಿಗೆಯಿಂದ ನನ್ನ ಸೈನ್ಯದ ವಶದಲ್ಲಿತ್ತು. ನಾವು ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆವು. ಬಂದವರಿಗೆ ನಾನು ನೆಲದ ಮೇಲೆ ಕೂತು ಉಣ್ಣುವುದರ ಆರೋಗ್ಯದ ಲಾಭ ಹೇಳುತ್ತಿದ್ದೆ. ದಸರೆಗೆ ಸ್ವತಃ ಅತ್ತೆಯವರೇ ಬರುವುದೆಂದು ನಿಶ್ಚಯವಾದಾಗ ನೀತಾ ಒಪ್ಪಂದಕ್ಕೆ ಬಂದಳು.

"ಒಂದ್ ಮಾತಾಡೂಣು. ಆ ಸ್ಪರ್ಧಾದಾಗ ಗೆದ್ರ ಟೇಬಲ್ ನಿಮ್ದು. ನಾ ಮತ್ತ ಉಸಿರೆತ್ತಂಗಿಲ್ಲ. ಸೋತ್ರ ಅವತ್ತ ಸಂಜೀಕನ ಟೇಬಲ್ ಖಾಲಿ ಮಾಡಿ, ನನ್ನ ಕೈಯಾಗ ಕೊಡಬೇಕು."

"ಸೋಲೂದು ನಮ್ಮ ಮನೆತನದಾಗ ಇಲ್ಲ" ಎಂದೆ.

"ಆತು, ಮನೆತನ ನೋಡೂಣು."

ಅತ್ತೆ ಕಾಶವ್ವನವರನ್ನು ನಾನೇ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋಗಿ ಕರೆತಂದೆ. ಜಮಖಂಡಿಯಿಂದ ಬಸ್ಸಿನಲ್ಲಿ ಕೂತು ಬಂದ ಅವರು ಮನೆಯೊಳಗೆ ಕಾಲಿಡುತ್ತಲೇ ಮೇಜನ್ನು ನೋಡಿದರು. ಕಾಗದ ಹಾಸಿದ ಮೇಜು, ಅದರ ಮೇಲೆ ತುಕ್ಕು ಹಿಡಿದ ದಂಡು. ಅಳಿಯನಿಗೆ ಏನೂ ಅನ್ನಬಾರದೆಂಬ ಕಟ್ಟುನಿಟ್ಟು ಅವರದು. "ಭಾಳ ಕೆಲಸ ಹಚ್ಗೊಂಡೀರಿ ಅಳಿಯಾರ" ಎಂದಷ್ಟೇ ಹೇಳಿ ನೆಲದ ಮೇಲೆ ಊಟಕ್ಕೆ ಕೂತರು.

ಖಂಡೇನವಮಿಯ ಬೆಳಿಗ್ಗೆ ಒಂದೇ ಕೆಲಸ ಉಳಿದಿತ್ತು. ಪುಡಿಗಳು ಉದುರದಂತೆ ಮೇಲಿಂದ ವಾರ್ನಿಶ್ ಸಿಂಪಡಿಸಬೇಕಾಗಿತ್ತು. ಡಬ್ಬಿ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ನೀತಾ ಕೈಗೆ ಚೀಲ ಕೊಟ್ಟಳು.

"ಮಾರ್ಕೆಟ್ ಯಾರ್ಡಿಗೆ ಹೋಗಿ ಚೆಂಡುಹೂ ತಗೊಂಡ ಬರ್ರಿ. ಇಲ್ಲೆ ಮೂಲ್ಯಾಗಿನ ಹೂವಿನಾಂವ ಬಾಡಿದ್ದು ಕೊಡ್ತಾನ."

"ಸ್ಪರ್ಧಾ ಮುಗಿಸ್ಕೊಂಡು ಬರೂ ಮುಂದ ತಂದ್ರ ನಡ್ಯಂಗಿಲ್ಲೇನು?"

"ಪೂಜಾ ಆದಮ್ಯಾಲೆ ಹೂವು ಏನ್ ಮಾಡ್ಲಿ? ಪಲ್ಯಾ ಮಾಡ್ಲಿ?"

ಹೋದೆ. ಅಂದು ಪುಣೆಯ ಅರ್ಧ ಜನ ಮಾರ್ಕೆಟ್ ಯಾರ್ಡಿನಲ್ಲಿದ್ದರು, ಉಳಿದರ್ಧ ಜನ ಅಲ್ಲಿಗೆ ಬರುವ ದಾರಿಯಲ್ಲಿ ನನ್ನ ಮುಂದೆ ನಿಂತಿದ್ದರು. ಹೂವಿನ ಚೀಲ ಎದೆಗವಚಿಕೊಂಡು ಮನೆಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಬಾಗಿಲಲ್ಲೇ ಊದುಬತ್ತಿಯ ವಾಸನೆ. ಮೇಜಿನ ಕಡೆ ನೋಡಿದೆ.

ನನ್ನ ಟ್ಯಾಂಕುಗಳು ಹೊಳೆಯುತ್ತಿದ್ದವು. ತುಕ್ಕಿಲ್ಲ, ಮಸಿಯಿಲ್ಲ, ಕೆಸರಿಲ್ಲ. ಮದುವಣಿಗರಂತೆ ಸಾಲಾಗಿ ನಿಂತಿದ್ದವು. ಒಂದೊಂದರ ಹಣೆಗೂ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಒಂದೊಂದರ ಮುಂದೆ ಒಂದೊಂದು ನಿಂಬೆಹಣ್ಣು. ನಿಂಬೆಹಣ್ಣು ಟ್ಯಾಂಕಿಗಿಂತ ದಪ್ಪಗಿತ್ತು. ನೋಡಿದವರಿಗೆ ಅದೇ ಶತ್ರುವೆಂದು ತೋರಬೇಕು. ಸೈನಿಕರ ಹಣೆ ಸಾಸಿವೆಯಷ್ಟು. ಅಲ್ಲಿ ಕುಂಕುಮ ಇಡಲು ಹೋಗಿ ಇಡೀ ತಲೆಗೇ ಬಿದ್ದಿತ್ತು. ಯುದ್ಧಕ್ಕೆ ಹೊರಡುವ ಮೊದಲೇ ದಂಡಿಗೆ ದಂಡೇ ತಲೆಗೆ ಪೆಟ್ಟು ತಿಂದು ನಿಂತಿತ್ತು.

"ಭಾಳ ಹೊಲಸಾಗಿದ್ವು ಅಳಿಯಾರ" ಎಂದರು ಅತ್ತೆ, ಕೈ ಒರೆಸಿಕೊಳ್ಳುತ್ತ. "ಗಾಡಿ ಅಂದ್ರೂ ಅವಽ, ಆಯುಧ ಅಂದ್ರೂ ಅವಽ. ಖಂಡೇನವಮಿ ದಿನ ತುಕ್ಕು ಹಿಡದದ್ದು ಪೂಜಾಕ್ಕ ಇಡಬಾರ್ದು. ಹುಣಸಿಹಣ್ಣ ಹಚ್ಚಿ ತಿಕ್ಕೇನಿ."

"ಎಲ್ಲಾನೂ?"

"ಎಲ್ಲಾನೂ. ಹಲ್ಲಿನ ಬ್ರಷ್ ತಗೊಂಡು ಸಂದಿ ಸಂದಿ ತಿಕ್ಕೇನಿ. ಮ್ಯಾಲೆ ಕೊಬ್ಬರಿ ಎಣ್ಣಿ ಒರಸೇನಿ. ಇನ್ನ ಮ್ಯಾಲೆ ತುಕ್ಕು ಹತ್ತಂಗಿಲ್ಲ, ಚಿಂತಿ ಬಿಡ್ರಿ."

ಬೇರೆ ಯಾರಾದರೂ ಆಗಿದ್ದರೆ ನಾನು ಕಿರುಚುತ್ತಿದ್ದೆ. ಅತ್ತೆಯ ಮುಂದೆ ಕಿರುಚುವ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. "ಛಲೋ ಮಾಡಿದ್ರಿ" ಎಂದೆ. ಗಂಟಲಿನಿಂದ ಆ ಮಾತು ಹೊರಬರುವಾಗ ಅದಕ್ಕೂ ತುಕ್ಕು ಹಿಡಿದಿತ್ತು.

ಧೈರ್ಯ ತಂದುಕೊಂಡೆ. ಪುಡಿಗಳಿವೆಯಲ್ಲ, ಮತ್ತೆ ಹಚ್ಚಿದರಾಯಿತು. ಎಣ್ಣೆಯ ಮೇಲೆ ಬಣ್ಣ ನಿಲ್ಲದಿದ್ದರೂ ಪುಡಿ ಚೆನ್ನಾಗಿ ಹಿಡಿಯುತ್ತದೆ. ಡಬ್ಬಿಗಳಿಗಾಗಿ ಕೈ ಚಾಚಿದೆ. ಇರಲಿಲ್ಲ.

"ಆ ಸಣ್ಣ ಡಬ್ಬಿಗೋಳೇನ್ರಿ?" ಎಂದರು ಅತ್ತೆ. "ಅದರಾಗೂ ಧೂಳ ಕುಂತಿತ್ತು. ತೊಳದು ಬೋರಲ ಹಾಕೇನಿ."

ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಹೊಸ ತುಕ್ಕು, ಹಳೇ ತುಕ್ಕು, ಒಣಗಿದ ಕೆಸರು ಮೂರೂ ಸ್ವಚ್ಛವಾಗಿ ಬೋರಲು ಬಿದ್ದು ನೀರು ಸೋರಿಸುತ್ತಿದ್ದವು.

ಸರಿ, ಪಾರ್ಸೆಲ್ ಧೂಳು ಹೋದರೆ ಹೋಗಲಿ. ಜಗತ್ತಿನಲ್ಲಿ ಧೂಳಿಗೆ ಬರವೇ? ಹೊರಗೆ ಹಿಂದಿನ ಸಂಜೆ ಮಳೆ ಸುರಿದು ಎಲ್ಲ ರಾಡಿಯಾಗಿತ್ತು, ಎಣ್ಣೆಯ ಮೇಲಿಂದ ಆ ರಾಡಿ ಜಾರಿ ಬೀಳುತ್ತಿತ್ತು. ಒಣ ಧೂಳೆಂದರೆ ಮನೆಯೊಳಗಿನದೇ ಆಗಬೇಕು. ಸ್ಟೂಲು ಹತ್ತಿ ಫ್ಯಾನಿನ ರೆಕ್ಕೆಯ ಮೇಲೆ ಬೆರಳಾಡಿಸಿದೆ. ಫಳಫಳ. ಅಟ್ಟದ ಮೇಲೆ ನೋಡಿದೆ, ಫ್ರಿಜ್ಜಿನ ಹಿಂದೆ ನುಸುಳಿದೆ, ದೇವರಾಣೆ, ಟ್ಯೂಬ್‌ಲೈಟಿನ ಪಟ್ಟಿಯನ್ನೂ ಬಿಡಲಿಲ್ಲ. ದಸರೆಯ ಸಫಾಯಿಯಲ್ಲಿ ನೀತಾ ನನ್ನ ಮನೆಯನ್ನು ಸರ್ವನಾಶ ಮಾಡಿದ್ದಳು.

"ಏನ್ ಹುಡಕಾಕತ್ತೀರಿ?" ಎಂದಳು.

"ಧೂಳ."

"ನಾ ಸ್ವಚ್ಛ ಮಾಡೇನೋ ಇಲ್ಲೋ ಅಂತ ತಪಾಸ ಮಾಡೋ ಅತ್ತಿಯರಂಗ ಬೆರಳ ಆಡಸಾಕತ್ತೀರಲ್ಲ. ಖರೇ ಅತ್ತಿ ಇಲ್ಲೇ ಕುಂತಾರ, ಅವರಽ ಸುಮ್ನದಾರ."

ಉಳಿದದ್ದು ನೆರೆಮನೆ. ಎದುರುಮನೆಯ ಸ್ನೇಹಲ್ ವಹಿನಿ, ಅಂದರೆ ಮರಾಠಿಯ ಅತ್ತಿಗೆ, ಸಜ್ಜನ ಹೆಂಗಸು. ಸಕ್ಕರೆ, ಕೊತ್ತಂಬರಿ, ಏಣಿ, ಏನು ಕೇಳಿದರೂ ಇಲ್ಲವೆಂದವರಲ್ಲ. ಬಾಗಿಲು ತಟ್ಟಿದೆ. ಹೊಸ ಸೀರೆಯುಟ್ಟು ಬಾಗಿಲು ತೆರೆದರು.

"ವಹಿನಿ, ಥೋಡಿ ಧೂಳ ಮಿಳೇಲ ಕಾ?"

"ಕಾಯ್?"

"ಧೂಳ. ಏಕ ಚಿಮೂಟಭರ." ಒಂದು ಚಿಟಿಕೆ ಸಾಕೆಂದು ಬೆರಳು ಕೂಡಿಸಿ ತೋರಿಸಿದೆ.

ಸ್ನೇಹಲ್ ವಹಿನಿಯ ಮುಖದ ಮೇಲಿನ ಹಬ್ಬ ಇಳಿಯಿತು. "ಧೂಳ? ಆಮ್ಚ್ಯಾ ಘರಾತ್?" ಎಂದರು. ನಮ್ಮ ಮನೆಯಲ್ಲಿ ಧೂಳೇ, ಅದೂ ದಸರೆಗೆ, ಎಂದು ಕೇಳುವ ದನಿ ಅದು. ಬಾಗಿಲು ಮೆಲ್ಲಗೆ, ಆದರೆ ಪೂರ್ತಿಯಾಗಿ ಮುಚ್ಚಿತು.

ಕೆಳಗೆ ಪಾರ್ಕಿಂಗಿಗೆ ಇಳಿದೆ. ಖಂಡೇನವಮಿಯ ದಿನ ಕೊಳಕು ಗಾಡಿ ಹುಡುಕಲು ಹೊರಟವನ ಬುದ್ಧಿಯನ್ನು ಏನೆಂದು ಹೊಗಳಲಿ? ಕಾರು, ಬೈಕು, ಸೈಕಲ್ಲು, ಎಲ್ಲವೂ ಮಿಂದು ಮಾಲೆ ಹಾಕಿಕೊಂಡು ನನ್ನನ್ನೇ ನೋಡಿ ನಗುತ್ತಿದ್ದವು. ಕೊನೆಗೆ ಕಂಬದ ಹಿಂದಿನ ಮೂಲೆಯಲ್ಲಿ, ಹರಿದ ಚಾದರದಡಿಯಲ್ಲಿ, ನನ್ನ ಭಾಗ್ಯ ನಿಂತಿತ್ತು. ಯಾವ ಕಾಲದ್ದೋ ಒಂದು ಸ್ಕೂಟರು. ಅದರ ಮೇಲಿನ ಧೂಳು ನುಣುಪಾಗಿ, ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಯಾವ ಕಂಪನಿಯೂ ಡಬ್ಬಿಯಲ್ಲಿ ತುಂಬಲಾರದಂಥ ಧೂಳು. ಮೇಲೆ ಓಡಿ ಚಮಚ ಮತ್ತು ಚಹಾ ಸೋಸುವ ಜರಡಿ ತಂದೆ. ಮಂಡಿಯೂರಿ ಕೂತು ಒಂದು ಚಮಚ ಕೆರೆದು ಜರಡಿಗೆ ಹಾಕಿದೆ.

"ಅಚ್ಛಾ. ಇಥೆ ಸಾಪಡ್ಲಿ ಕಾ ಆಮ್ಚಿ ಧೂಳ?"

ನಮ್ಮ ಧೂಳು ಇಲ್ಲಿ ಸಿಕ್ಕಿತೇ ಎಂದು ಕೇಳುತ್ತ ಸ್ನೇಹಲ್ ವಹಿನಿ ಆರತಿಯ ತಟ್ಟೆ ಹಿಡಿದು ನಿಂತಿದ್ದರು. ಕಾರಿನ ಪೂಜೆಗೆ ಇಳಿದಿದ್ದರು. ಸ್ಕೂಟರು ಅವರ ಮಾವನವರದು.

ಇಂಥ ಹೊತ್ತಿನಲ್ಲಿ ಸತ್ಯ ಹೇಳುವವನು ವೀರ. ನಾನು ಬಣ್ಣ ಹಚ್ಚುವವನು. "ನಾಹೀ ವಹಿನಿ" ಎಂದೆ, "ಸ್ಕೂಟರ್ ಧುವಾಯ್ಲಾ ಆಲೋಯ್." ಹಬ್ಬದ ದಿನ ಹಿರಿಯರ ಗಾಡಿ ಹೀಗಿರಬಾರದು, ತೊಳೆದುಕೊಡಲು ಬಂದೆ ಎಂದು ವಿವರಿಸಿದೆ.

ಅವರು ನನ್ನ ಕೈ ನೋಡಿದರು. "ಚಮ್ಚ್ಯಾನೆ?"

ಚಮಚದಿಂದ ಸ್ಕೂಟರು ತೊಳೆಯುವ ಪದ್ಧತಿ ಜಮಖಂಡಿಯ ಕಡೆಗಿದೆ ಎಂದು ಹೇಳಲು ಬಾಯಿ ತೆರೆದೆ. ಅವರು ಅಷ್ಟರಲ್ಲಿ ಬಕೆಟ್ಟು ತರಿಸಿದ್ದರು.

ಪುಣೆಯಲ್ಲಿ ಉಳಿದಿದ್ದ ಕಟ್ಟಕಡೆಯ ಧೂಳನ್ನು ನಾನು ನನ್ನ ಕೈಯಾರೆ ತೊಳೆದೆ. ಸಾಬೂನು ಹಚ್ಚಿ ತೊಳೆದೆ. ವಹಿನಿ ಪಕ್ಕದಲ್ಲಿ ನಿಂತು ಮಡ್‌ಗಾರ್ಡಿನ ಒಳಭಾಗ ತೋರಿಸಿಕೊಟ್ಟರು. ಜರಡಿಯಲ್ಲಿದ್ದ ಒಂದು ಚಮಚವೂ ನೀರಿನೊಡನೆ ಗಟಾರ ಸೇರಿತು. ಮೇಲಿನ ಗ್ಯಾಲರಿಯಿಂದ ನೀತಾಳ ಧ್ವನಿ ಬಂತು: "ಮನಿಯೊಳಗ ಮಿಕ್ಸರ್ ಒರಸ್ರಿ ಅಂದ್ರ ಸೊಂಟಾ ಹಿಡೀತದ ಇವರಿಗೆ."

ಹೊತ್ತು ಮೀರಿತ್ತು. ಕೈಗೆ ಸಿಕ್ಕಂತೆ ವಿಭೂತಿ ಕುಂಕುಮ ಸಮೇತ ಸೈನ್ಯವನ್ನು ಡಬ್ಬಿಗೆ ತುಂಬಿಕೊಂಡು ಖರಾಡಿಗೆ ಧಾವಿಸಿದೆ. ಒರೆಸಲು ಹೋದರೆ ಎಣ್ಣೆಯೊಡನೆ ಕಲಸಿ ಕೆಂಪು ಹಬ್ಬುತ್ತಿತ್ತು. ಅದಕ್ಕೇ ಬಿಟ್ಟೆ.

ಪೃಥ್ವಿರಾಜನ ಟ್ಯಾಂಕುಗಳು ಕೆಸರಿನಲ್ಲಿ ಮುಳುಗಿ, ತುಕ್ಕಿನಲ್ಲಿ ತೊಯ್ದು, ನೋಡಿದರೆ ಕಣ್ಣು ತುಂಬುವಷ್ಟು ಕೊಳಕಾಗಿದ್ದವು. ಅವನು ಬಗ್ಗಿ ನನ್ನವನ್ನು ನೋಡಿದ.

"ಏನ್ ಸರ್ ಇದು, ಶೋರೂಮಿಂದ ಈಗ್ತಾನೆ ಡೆಲಿವರಿ ತಗೊಂಡ್ ಬಂದಂಗಿದೆ."

"ಇದು ದಂಡಯಾತ್ರೆಗೆ ಹೊರಡುವ ಮುಂಜಾನೆ" ಎಂದೆ ಗಂಭೀರವಾಗಿ. "ನಿನ್ನದು ಯುದ್ಧ ಮುಗಿದ ಮೇಲೆ."

"ಸೂಪರ್ ಕಾನ್ಸೆಪ್ಟ್ ಸರ್." ಮೂಗು ಹತ್ತಿರ ತಂದ. "ಕೊಬ್ರಿ ಎಣ್ಣೆ ಸ್ಮೆಲ್ಲೂ ಕಾನ್ಸೆಪ್ಟೇನಾ?"

ತೀರ್ಪುಗಾರರು ಸೈನ್ಯದಲ್ಲಿ ನಿಜವಾದ ಟ್ಯಾಂಕು ಓಡಿಸಿ ನಿವೃತ್ತರಾದ ಸುಬೇದಾರರು. ನನ್ನ ಮೇಜಿನ ಮುಂದೆ ಬಂದವರು ಗಕ್ಕನೆ ನಿಂತರು. ನಂತರ ಚಪ್ಪಲಿ ಕಳಚಿದರು. ತಮ್ಮ ದಳದಲ್ಲೂ ದಸರೆಗೆ ಹೀಗೆಯೇ ತೊಳೆದು ಪೂಜೆ ಮಾಡುತ್ತಿದ್ದರೆಂದು ಹೇಳಿ, ಕಣ್ಣು ಮುಚ್ಚಿ, ನನ್ನ ಟ್ಯಾಂಕುಗಳಿಗೆ ಕೈಮುಗಿದರು. ನನ್ನ ಎದೆ ಉಬ್ಬಿತು. ಮೇಜು ನನ್ನದಾಯಿತೆಂದುಕೊಂಡೆ.

ಬಹುಮಾನ ಪೃಥ್ವಿರಾಜನಿಗೆ ಹೋಯಿತು. ನಮಸ್ಕಾರ ನನಗೆ, ಟ್ರೋಫಿ ಅವನಿಗೆ. ಏಕೆಂದು ಕೇಳಿದೆ. "ಪೂಜಾ ಝಾಲೇಲ್ಯಾ ಗಾಡೀಲಾ ಮಾರ್ಕ್ಸ್ ಕಸೆ ದ್ಯಾಯಚೆ?" ಎಂದರು ಸುಬೇದಾರರು. ಪೂಜೆಯಾದ ಗಾಡಿಗೆ ಅಂಕ ಕೊಡಲು ತಾವು ಯಾರು ಎಂಬ ವಿನಯ ಅವರದು.

ಮನೆಗೆ ಬಂದೆ. ನನ್ನ ಮುಖ ನೋಡಿ ನೀತಾ ಫಲಿತಾಂಶ ಕೇಳಲಿಲ್ಲ. ಅವಳು ತಟ್ಟೆಗಳನ್ನು ಜೋಡಿಸಿಕೊಂಡು ಮೇಜಿನ ಪಕ್ಕ ನಿಂತಳು. ಅತ್ತೆ ಹೋಳಿಗೆಯ ಬುಟ್ಟಿ ಹಿಡಿದಿದ್ದರು. ಸೋತ ರಾಜನಿಗೂ ಒಂದು ಘನತೆ ಇರುತ್ತದೆ. ಕುಂಚ, ಬಾಟಲಿ, ಅಂಟು ಎಲ್ಲವನ್ನೂ ನಾನೇ ಎತ್ತಿ ಕೆಳಗಿಟ್ಟೆ.

"ತಗೋ, ನಿನ್ನ ರಾಜ್ಯ" ಎಂದೆ. "ಕಾಗದ ಹಾಸಿ ಕೆಲಸ ಮಾಡೀನಿ. ಒಂದ್ ಗೀರಿಲ್ಲ, ಒಂದ್ ಕಲೆ ಇಲ್ಲ."

ಹೀಗೆಂದು ಹಾಸಿದ ಕಾಗದವನ್ನು ರಾಜಠೀವಿಯಿಂದ ಒಂದೇ ಎಳೆತಕ್ಕೆ ಎಳೆದೆ. ಅರ್ಧ ಕಾಗದ ಬಂತು. ಅರ್ಧ ಮೇಜಿಗೇ ಅಂಟಿಕೊಂಡಿತು.

ಬಣ್ಣ ತೆಳುಮಾಡುವ ಥಿನ್ನರ್ ಕಾಗದದ ಮೂಲಕ ಇಳಿದು ಸಾಗವಾನಿಯ ಪಾಲಿಶನ್ನು ತಿಂದಿತ್ತು. ತಿಂದ ಕಡೆಯೆಲ್ಲ ಕಿತ್ತಳೆ ಕಂದು ಕಲೆಗಳು ಚುಕ್ಕೆ ಚುಕ್ಕೆಯಾಗಿ ಹರಡಿದ್ದವು. ಅಂಚಿನಲ್ಲಿ ಮಸಿ. ನಡುವೆ ಕೆಸರಿನ ಬಣ್ಣದ ಒಂದು ದೊಡ್ಡ ಮಡು, ಅದರಿಂದ ಹೊರಟ ಬಿರುಕುಗಳು, ಎದ್ದ ಹಸಿರು ಪದರುಗಳು. ಅತ್ತೆ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ಅಳಿಯನಿಗೆ ಏನೂ ಅನ್ನಬಾರದಲ್ಲ, ಹೋಳಿಗೆಯ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

ನೀತಾ ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಒಂದು ಕಲೆಯನ್ನು ಉಗುರಿನಿಂದ ಕೆರೆದಳು. ಅದು ಜಗ್ಗಲಿಲ್ಲ. ತಟ್ಟೆಗಳನ್ನು ಮತ್ತೆ ಎತ್ತಿ ನೆಲದ ಮೇಲೆ ಸಾಲಾಗಿ ಇಡುತ್ತ ಹೇಳಿದಳು:

"ಆ ಪೇಢೆ ಡಬ್ಬಿ ಬಿಟ್ಟು ಈ ಟೇಬಲ್ ಹೊತ್ಕೊಂಡು ಹೋಗಿದ್ರ ಪಹಿಲಾ ನಂಬರ್ ನಿಮ್ದಽ ಇತ್ತಲ್ರೀ."