ಶೂನ್ಯ ಅಂಕದ ಕೈದಿ

ನಮ್ಮ ಕಾರಾಗೃಹದಲ್ಲಿ ಉಗ್ರ ವಿಚಾರದ ಕೈದಿ ಒಬ್ಬನೂ ಇಲ್ಲ ಎಂಬ ಸಂಗತಿಯನ್ನು ಇಲಾಖೆ ಬಹಳ ಗಂಭೀರವಾಗಿ ಪರಿಗಣಿಸಿತು. ಕೈದಿಗಳಲ್ಲಿ ಉಗ್ರ ವಿಚಾರ ಬೆಳೆಯದಂತೆ ತಡೆಯಲು ನಮ್ಮ ಸಿಬ್ಬಂದಿಗೆ ಮೂರು ದಿನ ತರಬೇತಿ ಕೊಟ್ಟಾಗಿತ್ತು. ಚೀಲ, ಪೆನ್ನು, ನೀರಿನ ಬಾಟಲಿ ಹಂಚಿಯಾಗಿತ್ತು. ಇಷ್ಟಾದ ಮೇಲೂ ತಡೆಯಲು ಏನೂ ಇಲ್ಲ ಎಂದರೆ ಮೇಲಿನವರಿಗೆ ಮುಖ ತೋರಿಸುವುದು ಹೇಗೆ? ನಾನು ಇಲ್ಲಿನ ಹೆಡ್ ಗುಮಾಸ್ತ. ವರದಿ ಬರೆಯಬೇಕಾದವನು ನಾನೇ.

ನಿಯಮ ಸ್ಪಷ್ಟವಾಗಿತ್ತು. ತರಬೇತಿ ಪಡೆದವರು ತಿಂಗಳೊಳಗೆ ಕನಿಷ್ಠ ಒಬ್ಬನನ್ನು ಗುರುತಿಸತಕ್ಕದ್ದು. ಅದಕ್ಕೆ ಇಪ್ಪತ್ತೆರಡು ಲಕ್ಷಣಗಳ ಪಟ್ಟಿ ಕೊಟ್ಟಿದ್ದರು. ಲಕ್ಷಣ ನಾಲ್ಕು, ಮಾತು ಕಡಿಮೆಯಾಗುವುದು. ಲಕ್ಷಣ ಐದು, ಮಾತು ಹೆಚ್ಚಾಗುವುದು. ಲಕ್ಷಣ ಹನ್ನೊಂದು, ಕಾರಣವಿಲ್ಲದ ವಿನಯ. ಗುರುತಿಸಿದವನಿಗೆ ಮೊದಲ ಪರೀಕ್ಷೆ, ನಂತರ ಆರು ವಾರ ಮನಃಪರಿವರ್ತನೆ, ನಂತರ ಕೊನೆಯ ಪರೀಕ್ಷೆ. ವಿಚಾರ ಉಗ್ರವಾದಷ್ಟೂ ಅಂಕ ಹೆಚ್ಚು. ಕೊನೆಗೆ ಹತ್ತು ಅಂಕವಾದರೂ ಇಳಿದಿರತಕ್ಕದ್ದು. ಇಳಿಯದವನಿಗೆ ಬಿಡುಗಡೆ ಇಲ್ಲ.

ನಮ್ಮ ಹಿರಿಯ ವಾರ್ಡರ್, ಟೇಲರ್ ಎಂಬ ಕೈದಿಯನ್ನು ಆರಿಸಿದ. ಟೇಲರ್ ಎಂದರೆ ಅಂಗಡಿ ಖಾಲಿ ಮಾಡಿಸಲು ಬಂದ ಮಾಲೀಕನ ಮೇಲೆ ಇಸ್ತ್ರಿಪೆಟ್ಟಿಗೆ ಎಸೆದು ಒಳಗೆ ಬಂದವನು. ಬಂದ ದಿನದಿಂದ ನಮ್ಮೆಲ್ಲರ ಸಮವಸ್ತ್ರದ ಗುಂಡಿ ಹಾಕಿಕೊಡುತ್ತಿದ್ದ. ಸನ್ನಡತೆಗಾಗಿ ಎರಡು ತಿಂಗಳಲ್ಲಿ ಅವನ ಬಿಡುಗಡೆ ಇತ್ತು. ಅದೇ ಹೊತ್ತಿಗೆ ಮಗಳ ಚೊಚ್ಚಲ ಹೆರಿಗೆಯೂ ಇತ್ತು.

"ರೌಡಿಗಳ ಹೆಸರು ಬರೆದ್ರೆ ನಮ್ಮ ಕೈಕಾಲು ಉಳಿಯಲ್ಲ ಸಾರ್. ಇವನಾದ್ರೆ ಬೇಜಾರು ಮಾಡ್ಕೊಳಲ್ಲ," ಎಂದ ವಾರ್ಡರ್.

"ನಿಮಗೆ ಅನುಕೂಲ ಆಗುತ್ತೆ ಅಂದ್ರೆ ಬರ್ಕೊಳ್ಳಿ ಅಣ್ಣ," ಎಂದ ಟೇಲರ್. ಲಕ್ಷಣ ಹನ್ನೊಂದು ಅಲ್ಲೇ ಸಾಬೀತಾಯಿತು.

ಮೊದಲ ಪರೀಕ್ಷೆಯಲ್ಲಿ ಅವನಿಗೆ ಸೊನ್ನೆ ಬಂತು. ಸೊನ್ನೆಯಿಂದ ಹತ್ತು ಇಳಿಸುವುದು ಹೇಗೆಂದು ನಾನು ಇಲಾಖೆಗೆ ಪತ್ರ ಬರೆದೆ. ಮೂರು ವಾರ ಬಿಟ್ಟು ಉತ್ತರ ಬಂತು: 'ಇಳಿಸಲು ಮೊದಲು ಅಂಕ ಇರುವುದು ಅವಶ್ಯ. ಅಗತ್ಯ ಸಿದ್ಧತೆ ಮಾಡಿಸಿ ಮೊದಲ ಪರೀಕ್ಷೆಯನ್ನು ಮತ್ತೆ ನಡೆಸುವುದು.' ನಾವೇ ಹತ್ತಿಪ್ಪತ್ತು ಅಂಕ ಗೀಚಿಕೊಳ್ಳಬಹುದಿತ್ತು. ಆದರೆ ಪರೀಕ್ಷೆ ನಡೆಸುವ ಪ್ರೊಬೇಷನ್ ಅಧಿಕಾರಿ ಪ್ರಾಮಾಣಿಕ ಹೆಂಗಸು. ಪ್ರಾಮಾಣಿಕರು ಒಬ್ಬರಿದ್ದರೆ ಇಡೀ ಕಚೇರಿಗೆ ತಲೆನೋವು.

ಹೀಗಾಗಿ ವಾರ್ಡರ್ ಊಟದ ಬಿಡುವಿನಲ್ಲಿ ಅವನಿಗೆ ಪಾಠ ಹೇಳಿಕೊಡಲು ಕೂತ.

"ಮೇಜು ಗುದ್ದು. ಗುದ್ದಿ ಹೇಳು, ಈ ವ್ಯವಸ್ಥೆ ಸುಟ್ಟುಹೋಗ್ಲಿ!"

ಟೇಲರ್ ಮೇಜನ್ನು ಮೆಲ್ಲಗೆ ತಟ್ಟಿದ. "ಸುಟ್ಟುಹೋಗ್ಲಿ. ಒಳಗಿರೋರೆಲ್ಲ ಹೊರಗೆ ಬಂದ್ಮೇಲೆ."

ಎರಡನೆಯ ಸಲ ಎರಡು ಅಂಕ ಬಂತು. ಕೊನೆಯಲ್ಲಿ ಕ್ಷಮೆ ಕೇಳಿದ್ದಕ್ಕೆ ಅದನ್ನೂ ಕಳೆದರು. ಮೂರನೆಯ ಸಲವೂ ಅದೇ ಹಣೆಬರಹ. ಹೆಂಡತಿ ಭೇಟಿಗೆ ಬಂದು ಜಾಲರಿ ಹಿಡಿದು ಗೋಗರೆದಳು.

"ಏನ್ರೀ, ಮತ್ತೆ ಫೇಲಂತೆ? ಇಸ್ತ್ರಿಪೆಟ್ಟಿಗೆ ಎಸೆಯೋವಾಗ ಬಂದಿತ್ತಲ್ಲ ಕೋಪ, ಅದನ್ನೇ ಒಂಚೂರು ತಂದ್ಕೊಳ್ರೀ, ನಿಮ್ಮ ದಮ್ಮಯ್ಯ. ಅಪ್ಪ ಯಾವಾಗ ಬರ್ತಾರೆ ಅಂತ ಮಗಳು ದಿನಾ ಕೇಳ್ತಾಳೆ."

"ಪ್ರಯತ್ನ ಮಾಡ್ತಿದ್ದೀನಿ ಕಣೇ. ಇವರೆಲ್ಲ ನನಗೋಸ್ಕರ ಊಟ ಬಿಟ್ಟು ಕೂತಿರ್ತಾರೆ. ನೋಡಿದ್ರೆ ಕೋಪ ಬರೋ ಬದಲು ಪಾಪ ಅನ್ಸುತ್ತೆ."

ಬಿಡುಗಡೆಯ ದಿನ ಬಂದು ಹೋಯಿತು. ಹೆರಿಗೆಯೂ ಆಯಿತು, ಹೆಣ್ಣು ಮಗು. ಮೊಮ್ಮಗಳಿಗೆ ತಿಂಗಳು ತುಂಬಿದ ಮೇಲೆ ಹೆಂಡತಿ ಕೂಸನ್ನು ಎತ್ತಿಕೊಂಡು ಬಂದಳು. ಆದರೆ ನಿಯಮ ಒಂಬತ್ತರ ಪ್ರಕಾರ, ಗುರುತಿಸಲಾದ ಕೈದಿಯ ಪ್ರಭಾವಕ್ಕೆ ಮಕ್ಕಳು ಒಳಗಾಗಕೂಡದು. ಅವಳನ್ನು ಗೇಟಿನಿಂದಲೇ ವಾಪಸು ಕಳಿಸಿದೆವು. ಟೇಲರ್ ಕೂರುವ ಹೊಲಿಗೆ ವಿಭಾಗದ ಕಿಟಕಿ ಗೇಟಿನ ಕಡೆಗಿದೆ. ಮಗು ಅತ್ತದ್ದು ಅವನಿಗೆ ಕೇಳಿಸಿತು. ನನಗೂ ಕೇಳಿಸಿತು. ಆದರೆ ಕೂಸು ಅತ್ತರೆ ಏನು ಮಾಡಬೇಕೆಂದು ಸುತ್ತೋಲೆಯಲ್ಲಿ ಇರಲಿಲ್ಲ.

ಅದೇ ಮಧ್ಯಾಹ್ನ ನಾಲ್ಕನೆಯ ಪರೀಕ್ಷೆ. ಅಧಿಕಾರಿ ಮೊದಲ ಪ್ರಶ್ನೆ ಮುಗಿಸುವ ಮೊದಲೇ ಟೇಲರ್ ಎದ್ದು ನಿಂತು ಮೇಜು ಗುದ್ದಿದ. ಶಾಯಿ ಚೆಲ್ಲಿತು.

"ಎಂಥ ಜನ ರೀ ನೀವು? ಒಂದು ತಿಂಗಳ ಕೂಸಿಗೆ ನಾನು ಏನು ಹೇಳ್ಕೊಡ್ತಿದ್ದೆ? ಮಣ್ಣು ಬೀಳ್ಲಿ ನಿಮ್ಮ ಕಾನೂನಿಗೆ!"

ಇಪ್ಪತ್ತೈದಕ್ಕೆ ಇಪ್ಪತ್ತೈದು. ಸಿಬ್ಬಂದಿಯೆಲ್ಲ ಚಪ್ಪಾಳೆ ತಟ್ಟಿದರು. ವಾರ್ಡರ್ ಕಣ್ಣೊರೆಸಿಕೊಂಡ. ಇಷ್ಟು ದಿನ ಪಟ್ಟ ಪಾಡು ಸಾರ್ಥಕವಾಯಿತೆಂದು ನಾವು ಸಿಹಿ ಹಂಚಿದೆವು. ಟೇಲರ್ ಮುಟ್ಟಲಿಲ್ಲ.

ಮನಃಪರಿವರ್ತನೆಯ ಆರು ವಾರ ಕಳೆಯಿತು. ಕೊನೆಯ ಪರೀಕ್ಷೆಯಲ್ಲೂ ಇಪ್ಪತ್ತೈದೇ ಬಂತು.

"ಒಂದು ಹತ್ತು ಇಳಿಸ್ಕೊಳಪ್ಪ, ಮನೆಗೆ ಹೋಗ್ಬಹುದು," ಎಂದು ವಾರ್ಡರ್ ಅವನ ಗಲ್ಲ ಹಿಡಿದ.

"ಆಗಲ್ಲ ಅಣ್ಣ. ಅವಾಗ ಕೋಪ ಬರ್ತಿರ್ಲಿಲ್ಲ, ಇವಾಗ ಹೋಗ್ತಿಲ್ಲ."

ಇಲಾಖೆಗೆ ಪರಮಾನಂದವಾಯಿತು. ಕಾರಾಗೃಹದಲ್ಲಿ ಅಪಾಯ ಇರುವುದು ಖಚಿತವಾಗಿದ್ದರಿಂದ ತರಬೇತಿಯನ್ನು ಐದು ದಿನಕ್ಕೆ ಏರಿಸಿತು. ನಮ್ಮದನ್ನು ಮಾದರಿ ಕಾರಾಗೃಹವೆಂದು ಘೋಷಿಸಿತು. ಪ್ರೊಬೇಷನ್ ಅಧಿಕಾರಿ ಕೊನೆಯ ನಮೂನೆಯನ್ನು ತಾವೇ ತುಂಬಿ ಅವನ ಮುಂದಿಟ್ಟರು.

"ನಿಮ್ಮನ್ನ ಹೊರಗೆ ಬಿಡೋದು ಸಮಾಜಕ್ಕೆ ಅಪಾಯ ಅಂತ ಬರ್ದಿದ್ದೀನಿ. ಸುಳ್ಳು ಬರೆಯೋಕೆ ನನಗೆ ಬರಲ್ಲ. ನಿಮ್ಮ ಆಕ್ಷೇಪಣೆ ಏನಾದ್ರೂ ಇದ್ರೆ ಕೆಳಗೆ ಜಾಗ ಇದೆ."

ಟೇಲರ್ ನಮೂನೆಯನ್ನು ಎರಡು ಸಲ ಓದಿದ.

"ಏನೂ ಇಲ್ಲ ಮೇಡಂ. ಸರಿಯಾಗೇ ಬರ್ದಿದ್ದೀರಿ," ಎಂದು ಸಹಿ ಹಾಕಿಕೊಟ್ಟ.