ಇಂದಿನ ವಿಶೇಷ: ಬಸಲಿಂಗ

ಬಸಲಿಂಗನ ಅಂದಿನ ಫಜೀತಿಗೆಲ್ಲ ಮೂಲ ಮನೆ ಓನರ್ ಪಿಳ್ಳಮ್ಮನ ಫೋನು.

“ಬಸ್ಲಿಂಗಾ, ಒಂದ್ ಒಳ್ಳೆ ಉಡ್ಗಿ ಅವ್ಳೆ ಕಣಪ್ಪಾ. ಇವತ್ತೇ ನಿನ್ ಬಯೋಡೇಟಾ ಕಳ್ಸು. ತಲೆ ಬೋಳಾದ್ಮೇಲೆ ಯಾರೂ ಎಣ್ ಕೊಡಾಕಿಲ್ಲ!”

ಎಲೆಕ್ಟ್ರಾನಿಕ್ ಸಿಟಿಯ ಆ ಆಫೀಸಿನಲ್ಲಿ ಬಸಲಿಂಗನ ಕೆಲಸ, ಕ್ಯಾಂಟೀನ್ ಟಿವಿಯಲ್ಲಿ ಪ್ರತಿ ಐಟಮ್ಮಿನ ಕೊನೆಗೂ ‘ಲಭ್ಯವಿದೆ’ ಅಂತ ಸೇರಿಸಿ ಮೆನು ತೋರಿಸುವ ಪ್ರೋಗ್ರಾಂ ನೋಡಿಕೊಳ್ಳುವುದು. ಅವನ ಮನಸ್ಸಿನಲ್ಲಿದ್ದ ಹುಡುಗಿಯೋ, ಪಕ್ಕದ ಸಾಲಿನಲ್ಲೇ ಕೂತು ಅವನ ಕೋಡಿನ ತಪ್ಪು ಹುಡುಕುವ ಮಂಜುಶ್ರೀ. ಆದರೆ ಇಷ್ಟು ದಿನವಾದರೂ ಮಾತು “ಊಟ ಆತೇನ್ರೀ?” ದಾಟಿ ಮುಂದೆ ಹೋಗಿರಲಿಲ್ಲ, ಪಾಪ.

ಆಫೀಸಿಗೆ ಆವತ್ತಷ್ಟೇ ಬ್ರೌಸರಿನಲ್ಲೇ ಕೋಡ್ ಬರೆಯುವ ಹೊಸ ಎಡಿಟರ್ ಬಂದಿತ್ತು. ಅದರಲ್ಲೇ, ಮೆನು ಫೈಲುಗಳ ಮಧ್ಯೆ ಒಂದು ಫೈಲು ತೆರೆದು ಬಯೋಡೇಟಾ ಬರೆದ. ಸೇವ್ ಒತ್ತಿದ. ಓದಿದರೆ ನಾಚಿಕೆಯಾಯಿತು. ತಿದ್ದಿದ, ಸೇವ್ ಒತ್ತಿದ. ಮತ್ತೆರಡು ಸಲ ತಿದ್ದಿದ, ಎರಡು ಸಲವೂ ಸೇವ್. ಸೇವ್ ಅಂದರೆ ತನ್ನ ಹತ್ತಿರವೇ ಇಟ್ಟುಕೊಳ್ಳುವುದು, ಕಮಿಟ್ ಅಂದರೆ ಎಲ್ಲರ ಕೈಗೆ ಒಪ್ಪಿಸುವುದು ಅಂತ ನಂಬಿಕೊಂಡಿದ್ದ ಜೀವ ಅದು. ಈ ಹಾಳು ಎಡಿಟರ್ ಸೇವ್ ಒತ್ತಿದಾಗಲೆಲ್ಲ ಹೇಳದೆ ಕೇಳದೆ ಕಮಿಟ್ಟೂ ಮಾಡುತ್ತಿತ್ತು. ಕಮಿಟ್ ಆದದ್ದು ನೇರ ಟಿವಿಗೆ.

ಊಟದ ಹೊತ್ತಿಗೆ ಟಿವಿ ಹಾಕಿದ್ದೇ ತಡ, ಗೆಳೆಯ ದೇವರಾಜ್ ಓಡಿಬಂದ. “ಮಗಾ, ಕ್ಯಾಂಟೀನಲ್ಲಿ ನಿನ್ನೇ ಬಡಿಸ್ತಾವ್ರೆ!”

ಬಸಲಿಂಗ ಹೋಗಿ ನೋಡಿದರೆ, ಟಿವಿಯಲ್ಲಿ ಬಿಸಿಬೇಳೆಬಾತಿಗೂ ಮಜ್ಜಿಗೆಗೂ ಮಧ್ಯೆ ಮಿನುಗುತ್ತಿತ್ತು: “ಬಸಲಿಂಗ. ಗೋಧಿ ಬಣ್ಣ. ದಟ್ಟ ಕೂದಲು. ಅಡುಗೆಯಲ್ಲಿ ನಿಪುಣ. ಲಭ್ಯವಿದೆ.”

“ಸಾರ್,” ಅಂದ ಕೌಂಟರಿನ ಈಶಪ್ಪ, “ಇದು ಚಪಾತಿ ಜೊತೆ ಬರುತ್ತಾ ಅಂತ ಆಗ್ಲೇ ಇಬ್ರು ಕೇಳಿದ್ರು.”

“ದಟ್ಟ ಕೂದ್ಲು ಎಲ್ರೀ?” ಅಂದಳು ಅಕೌಂಟ್ಸಿನ ವನಜಾ. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು.

ಬಸಲಿಂಗ ಸೀಟಿಗೆ ಓಡಿ, ಕೊನೆಯ ಕಮಿಟ್ಟನ್ನು ಗಡಿಬಿಡಿಯಲ್ಲಿ ರದ್ದು ಮಾಡಿದ. ಅದು ಹೋಯಿತು, ಅದಕ್ಕೆ ಮೊದಲು ಬರೆದದ್ದು ಟಿವಿಗೆ ಬಂತು.

“ತುಸು ತೆಳು ಕೂದಲು!” ಅಂತ ವನಜಾ ಕ್ಯಾಂಟೀನಿನಿಂದಲೇ ಕೂಗಿ ಓದಿದಳು.

ಅಯ್ಯೋ ಶಿವನೇ ಅಂತ ಇನ್ನೊಂದು ರದ್ದು ಮಾಡಿದ.

“ಅನ್ನ ಬಿಟ್ಟು ಬೇರೆ ಅಡುಗೆ ಬರಲ್ಲ!”

ಮತ್ತೊಂದು ರದ್ದು ಮಾಡಿದ ಮೇಲೆ ಉಳಿದದ್ದು ಬೆಳಗ್ಗೆ ಮೊಟ್ಟಮೊದಲು ಬರೆದ ಸಾಲು. ಅದು ನೆನಪಾದಾಗ ಕಾಲ ಮಿಂಚಿತ್ತು.

“ಹುಡುಗಿ: ಮಂಜುಶ್ರೀ ಥರ ಇದ್ದರೆ ಸಾಕು. ಲಭ್ಯವಿದೆ.”

ಬಸಲಿಂಗ ಅದನ್ನೂ ರದ್ದು ಮಾಡಬೇಕು ಅನ್ನುವಷ್ಟರಲ್ಲಿ, ಕ್ಯಾಂಟೀನಿನಿಂದ ಮಂಜುಶ್ರೀಯೇ ಎದುರು ಬಂದು ನಿಂತಳು.

“ಇದ್ರಲ್ಲೂ ಒಂದ್ ತಪ್ಪಿದೆ ಬಸಲಿಂಗ ಅವ್ರೇ.”

“ಎ... ಎಲ್ಲೈತ್ರೀ?”

“ಆ ‘ಥರ’ ಯಾಕೆ? ತೆಗೀರಿ.”

ಬಸಲಿಂಗನ ಎದೆ ಕುಣಿಯಿತು. “ಥರ” ಅಳಿಸಿದ. ಆ ಖುಷಿಯಲ್ಲಿ, ಕೈಯ ರೂಢಿ ನೋಡಿ, ಸೇವ್ ಒತ್ತಿಬಿಟ್ಟ.

ಕ್ಯಾಂಟೀನಿನಿಂದ ಶಿಳ್ಳೆ, ತಟ್ಟೆ ಬಡಿಯುವ ಸದ್ದು. “ಸಾರ್, ಪಾಯಸ ಮಾಡಿಸ್ಲಾ?” ಅಂತ ಈಶಪ್ಪನ ಕೂಗು ಬೇರೆ.

ಮಂಜುಶ್ರೀ ಕಿವಿಯವರೆಗೂ ಕೆಂಪಾದಳು. “ಥೂ, ಮತ್ತೆ ಸೇವ್ ಒತ್ತಿದ್ರಾ! ಹೋಗ್ರೀ, ಒಪ್ಪಿಗೆ ವಾಪಸ್! ಮೊದ್ಲು ಆ ಎಡಿಟರ್ ಕಲೀರಿ, ಆಮೇಲೆ ಬಂದು ಕೇಳಿ.” ಮುಖ ಮುಚ್ಚಿಕೊಂಡು ಓಡಿದಳು. ನಗುತ್ತಲೇ ಓಡಿದಳು ಅನ್ನುವುದೊಂದೇ ಸಮಾಧಾನ.

ಅಷ್ಟರಲ್ಲಿ ಪಿಳ್ಳಮ್ಮನ ಫೋನು. “ಬಯೋಡೇಟಾ ಎಲ್ಲಪ್ಪಾ?”

“ತಿದ್ದಾಕ ಕೊಟ್ಟೇನ್ರೀ ಅಮ್ಮಾ,” ಅಂದ ಬಸಲಿಂಗ. “ಇನ್ನೂ ಪಾಸಾಗಿಲ್ಲ.”